ಸಲಮಾಂಡರ್ ಹಾಡು ಬಿಟ್ಟದ್ದು ಏಕೆ

ಬೆಟ್ಟಗಳಿಂದ ಇನ್ನೂ ಹಸಿ ಮಣ್ಣಿನ ವಾಸನೆ ಬರುತ್ತಿದ್ದ ಕಾಲ ಅದು. ಯಾವ ಕಡೆ ಹುಟ್ಟಬೇಕು, ಯಾವ ಕಡೆ ಮುಳುಗಬೇಕು ಎಂದು ಸೂರ್ಯನಿಗೇ ಗೊಂದಲ. ಆಗ ಒಂದು ತೊರೆಯಲ್ಲಿ ಸಲಮಾಂಡರ್ ಇತ್ತು. ನೋಡಿದರೆ ಹಲ್ಲಿ, ಮುಟ್ಟಿದರೆ ಕಪ್ಪೆ. ತಾನು ಯಾರ ಪೈಕಿ ಎಂಬುದು ಅದಕ್ಕೂ ತಿಳಿದಿರಲಿಲ್ಲ. ಆದರೆ ಅದು ಹಾಡಿದರೆ ಗಾಳಿಯೂ ನಿಂತು ಕೇಳುತ್ತಿತ್ತು.

ತೊರೆಯ ದಡದಲ್ಲಿ ದ್ಯಾವವ್ವ ಎಂಬ ಹೆಂಗಸಿದ್ದಳು. ಒಳ್ಳೆಯವಳು, ಸ್ವಲ್ಪ ಅವಸರದವಳು. ಹಾಡು ಮನೆಯಲ್ಲೇ ಇರಲಿ ಎಂದು ಸಲಮಾಂಡರನ್ನು ಮಡಕೆಗೆ ಹಾಕಿ ತಂದು ಒಲೆಯ ಪಕ್ಕ ಇಟ್ಟುಕೊಂಡಳು.

ಮಡಕೆಯೊಳಗಿಂದ ಹಾಡು ಬಂತು:

"ನೀರು ಕೆಟ್ಟೈತಿ ದ್ಯಾವವ್ವ,
ಮೈಯಿ ಉರಿತೈತಿ ದ್ಯಾವವ್ವ."

"ನನ್ನ ಹೆಸರು ಹಿಡದು ಹಾಡಾಕತ್ತೈತಿ ನೋಡು," ಎಂದು ದ್ಯಾವವ್ವ ಗಾಳಿಗೆ ಹೇಳಿಕೊಂಡು ಹಿಗ್ಗಿದಳು. "ಇನ್ನೊಮ್ಮೆ ಹಾಡಪ್ಪಾ." ಅದು ಇನ್ನೊಮ್ಮೆ ಹಾಡಿತು. ಅವಳು ಇನ್ನೊಮ್ಮೆ ಹಿಗ್ಗಿದಳು.

ಬರಬರುತ್ತ ಹಾಡು ಸಣ್ಣಗಾಯಿತು. ಹೊಳೆಯುತ್ತಿದ್ದ ಮೈ ಮಂಕಾಯಿತು, ಬಾಲ ಬಡಕಲಾಯಿತು. ಎರೆಹುಳ ಕೊಟ್ಟರೆ ಮುಖ ತಿರುಗಿಸಿತು. ದ್ಯಾವವ್ವನಿಗೆ ಏನೂ ತೋಚಲಿಲ್ಲ. ಕಣ್ಣು ತಾಗಿತೇ? ದೃಷ್ಟಿ ತೆಗೆದಳು. ಶೀತವೇ? ಕೂಸಿಗೆ ಮಾಡುವ ಹಾಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿದಳು. ಅದರ ಚರ್ಮ ಸುಲಿದು ಬಂತು.

ಗಾಳಿಯನ್ನು ಕೇಳಿದಳು. "ನನಗೇನ ಗೊತ್ತವ್ವಾ, ನಾ ಈ ಕಡೆಯಿಂದ ಆ ಕಡೆ ಹೋಗಾಂವ," ಎಂದಿತು ಗಾಳಿ.

ಕೊನೆಗೆ ತೊರೆಯ ಹತ್ತಿರ ಹೋಗಿ ಅತ್ತಳು. "ಏನ್ ಮಾಡಿದ್ರ ಏನಾಗತೈತೋ, ನನಗೊಂದೂ ತಿಳೀವಲ್ದವ್ವಾ. ಇನ್ನ ಉಳಿಯೂದಿಲ್ಲ ಅದು."

"ಏನಂತ ಹಾಡತಿತ್ತು?" ಎಂದು ಕೇಳಿತು ತೊರೆ.

"ನೀರು ಕೆಟ್ಟೈತಿ ದ್ಯಾವವ್ವ, ಮೈಯಿ ಉರಿತೈತಿ..." ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು. ರಾಗವೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಮಾತು ಕಿವಿಗೆ ಬಿದ್ದದ್ದು ಆಗಲೇ.

ಓಡಿಹೋಗಿ ಮಡಕೆ ತಂದು, ನೆರಳಿನ ಕಲ್ಲಿನ ಕೆಳಗೆ, ತಣ್ಣನೆಯ ನೀರಿನಲ್ಲಿ ಸಲಮಾಂಡರನ್ನು ಬಿಟ್ಟಳು. ಬಹಳ ಹೊತ್ತು ಅದು ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಬಾಲ ಆಡಿಸಿತು. ದ್ಯಾವವ್ವನಿಗೆ ಅಳು ಬಂತೋ ನಗು ಬಂತೋ, ಅವಳಿಗೇ ತಿಳಿಯಲಿಲ್ಲ.

ಸಲಮಾಂಡರ್ ತೊರೆಗೆ ಹೇಳಿತು: "ನನ್ನ ದನಿ ನೀನ ಇಟ್ಕೊ. ಇದು ಇದ್ರ ಮಂದಿ ಕೇಳಿ ತಲಿದೂಗ್ತಾರ, ನನ್ನ ಕಡೆ ನೋಡೂದಿಲ್ಲ. ಇನ್ನ ನನ್ನ ಕಷ್ಟ ನನ್ನ ಮೈಯೇ ಹೇಳಲಿ."

ಅಂದಿನಿಂದ ತೊರೆ ಕಲ್ಲುಗಳ ನಡುವೆ ಹಾಡುತ್ತದೆ, ಸಲಮಾಂಡರ್ ಸುಮ್ಮನಿರುತ್ತದೆ. ಅದಕ್ಕೇ ಮಗೂ, ನೀನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಸಲಮಾಂಡರ್ ಮೈ ಮಂಕಾಗಿ, ಹುಳ ಮುಟ್ಟದೆ, ಮೂಲೆ ಹಿಡಿದು ಕೂತಾಗ, ಬಾಯಿಂದಲ್ಲ, ಮೈಯಿಂದ ನಿನ್ನ ಹೆಸರು ಹಿಡಿದೇ ಕರೆಯುತ್ತಿರುತ್ತದೆ.