ಮಡಿಲಲ್ಲಿ ಕೂಸಿಲ್ಲದ ಜೋಗುಳ

ಶಾಂತಲಿಂಗನಿಗೆ ಸಾಕುಸಾಕಾಗಿ ಹೋಗಿತ್ತು. ಆರು ತಿಂಗಳಿಂದ ಇದೇ ಗೋಳು: ಹೊಳೆ ದಾಟಿ ಬುಡಕಟ್ಟಿನವರ ಹಾಡಿಗೆ ಹೋಗುವುದು, ಕೇತಜ್ಜಿಯ ಮುಂದೆ ಕೂತು ಜೋಗುಳ ಹಾಡು, ಬರೆದುಕೊಳ್ಳುತ್ತೇನೆ ಎಂದು ಗೋಗರೆಯುವುದು, ಬೈಸಿಕೊಂಡು ಆಶ್ರಮಕ್ಕೆ ವಾಪಸು ಬರುವುದು.

ಹಾಡಿಯ ಮಾತಿನ ಜೋಗುಳ ಇನ್ನೂ ಗೊತ್ತಿದ್ದದ್ದು ಆ ಮುದುಕಿ ಒಬ್ಬಳಿಗೇ. ಅವಳಿಗೋ ಎಂಬತ್ತು ದಾಟಿತ್ತು.

"ಹಾಡಲ್ಲ ಅಂದ್ರೆ ಹಾಡಲ್ಲ ಅಂತಾಳೆ, ಗುರುಗಳೇ!" ಶಾಂತಲಿಂಗ ಜಗುಲಿಯ ಮೇಲೆ ಧೊಪ್ಪನೆ ಕೂತ. "ನಾಳೆ ಕಣ್ಣು ಮುಚ್ಚಿದರೆ ಹಾಡೂ ಅವಳ ಜೊತೆ ಮಣ್ಣು ಸೇರುತ್ತೆ. ಅಷ್ಟೂ ತಿಳಿಯಲ್ಲವಾ ಆ ಮುದುಕಿಗೆ?"

ಗುರುಗಳು ಸೊಪ್ಪು ಬಿಡಿಸುತ್ತಿದ್ದರು. "ಯಾಕೆ ಹಾಡಲ್ಲವಂತೆ?"

"ಮಡಿಲಲ್ಲಿ ಕೂಸಿಲ್ಲದೆ ಜೋಗುಳ ಹಾಡಬಾರದಂತೆ. ಹಾಡಿದರೆ ಕೇಡಂತೆ. ಅವರ ಕಟ್ಟಳೆ."

"ನೀನೇನು ಮಾಡಿದೆ?"

"ನನ್ನ ಶಾಲು ಸುತ್ತಿ ಅವಳ ಮಡಿಲಿಗೆ ಇಟ್ಟೆ. ಇದೇ ಕೂಸು ಅಂದುಕೊಂಡು ಹಾಡಜ್ಜಿ ಅಂದೆ."

"ಆಮೇಲೆ?"

"ಶಾಲನ್ನ ಒಲೆಗೆ ಹಾಕಿದಳು."

ಗುರುಗಳು ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ! ಏಳು, ನಡಿ."

ಇಬ್ಬರೂ ಹೊಳೆ ದಾಟಿದರು. ಕೇತಜ್ಜಿಯ ಗುಡಿಸಲ ಪಕ್ಕದ್ದೇ ಮೊಮ್ಮಗಳು ಬೊಮ್ಮಿಯ ಗುಡಿಸಲು. ಒಳಗೆ ಇಪ್ಪತ್ತು ದಿನದ ಕೂಸು ಒಂದೇ ಸಮನೆ ಅಳುತ್ತಿತ್ತು. ಅಜ್ಜಿ ತನ್ನ ಬಾಗಿಲಲ್ಲಿ ಕೂತು ಆ ಅಳುವನ್ನು ಕೇಳುತ್ತಿದ್ದಳು. ಎದ್ದು ಹೋಗಲಿಲ್ಲ.

"ಇಲ್ಲಿ ನಿಜವಾದ ಕೂಸೇ ಇದೆಯಲ್ಲೋ!" ಎಂದರು ಗುರುಗಳು.

"ಬೊಮ್ಮಿ ಅಜ್ಜಿ ಕೈಗೆ ಕೊಡಲ್ಲ, ಗುರುಗಳೇ. ಬಾಣಂತಿ ಮನೆ, ಯಾಕೆ ಅಂತ ನಾನು ಕೇಳೋಕೆ ಹೋಗಲಿಲ್ಲ."

ಗುರುಗಳು ಹೊಸ್ತಿಲಾಚೆ ನಿಂತು ಕಾರಣ ಕೇಳಿದರು. ಬೊಮ್ಮಿ ಕೂಸನ್ನು ಎತ್ತಿಕೊಂಡೇ ಹೊರಗೆ ಬಂದಳು.

"ಕೊಡೋಕೆ ನಂಗೇನು ಸಂಕಟ ಸ್ವಾಮಿ? ಅಜ್ಜಿ ಬಾಯಿ ತೆಗೆದರೆ ನಮ್ಮ ಹಾಡಿ ಮಾತೇ. ಅದು ಕೂಸಿನ ಕಿವಿಗೆ ಬೀಳಬಾರದಂತಲ್ಲ. ಬಿದ್ದರೆ ಮುಂದೆ ಅಕ್ಷರ ತಲೆಗೆ ಹತ್ತಲ್ಲವಂತೆ."

"ಯಾವ ಪುಣ್ಯಾತ್ಮ ಹೇಳಿದ್ದು?"

ಬೊಮ್ಮಿ ಶಾಂತಲಿಂಗನನ್ನೇ ನೋಡಿದಳು. "ಈ ಮೇಷ್ಟ್ರೇ! ಆಶ್ರಮದ ಶಾಲೆ ಶುರುವಾದ ವರ್ಷ ಮನೆಮನೆಗೂ ಬಂದು ಹೇಳಲಿಲ್ವಾ?"

ಶಾಂತಲಿಂಗನಿಗೆ ಈಗ ನೆನಪಾಯಿತು. ಹೇಳಿದ್ದು ನಿಜ. ಮಕ್ಕಳಿಗೆ ಪಾಠ ಹತ್ತುತ್ತಿಲ್ಲ ಎಂಬ ಸಿಟ್ಟಿನಲ್ಲಿ ಹೇಳಿದ್ದ. ತಾನು ಹೇಳಿ ಮರೆತಿದ್ದ. ಅವರು ಮರೆತಿರಲಿಲ್ಲ.

"ಮಕ್ಕಳ ಒಳ್ಳೇದಕ್ಕೇ ಅಂತ..."

"ಬಾಯಿ ಮುಚ್ಚು!" ಗುರುಗಳು ಗದರಿದರು. "ಕೂಸನ್ನ ಚಿವುಟಿದವನೂ ನೀನೇ, ತೊಟ್ಟಿಲು ತೂಗೋಕೆ ಬಂದವನೂ ನೀನೇ. ಬೈಗುಳ ಮಾತ್ರ ಆ ಮುದುಕಿಗೆ!"

ಶಾಂತಲಿಂಗನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬೊಮ್ಮಿಗೆ ಕೈ ಮುಗಿದ. "ತಂಗೀ, ನಾನು ಹೇಳಿದ್ದು ಶುದ್ಧ ತಪ್ಪು. ಅಜ್ಜಿಗೆ ಕೊಡಮ್ಮ."

"ಅವತ್ತು ಹಂಗೆ, ಇವತ್ತು ಹಿಂಗೆ! ಯಾವುದನ್ನ ನಂಬೋದು ಮೇಷ್ಟ್ರೇ?"

"ನನ್ನನ್ನ ನಂಬಬೇಡ. ಕೂಸು ಯಾರ ಕೈಯಲ್ಲಿ ಸುಮ್ಮನಾಗುತ್ತೆ, ನೀನೇ ನೋಡು."

ಬೊಮ್ಮಿ ಗೊಣಗಿಕೊಂಡೇ ಹೋಗಿ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಮುದುಕಿ ಸೆರಗಿನಿಂದ ಅದರ ಮುಖ ಒರೆಸಿದಳು. ಹಾಡಿಯ ಮಾತಿನಲ್ಲಿ ಏನೋ ಅಂದಳು. ಆಮೇಲೆ ಸಣ್ಣ ದನಿಯಲ್ಲಿ ಹಾಡತೊಡಗಿದಳು.

ಶಾಂತಲಿಂಗ ಆಸೆಯಿಂದ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಗುರುಗಳು ಅವನ ರಟ್ಟೆ ಹಿಡಿದು ಎಬ್ಬಿಸಿದರು.

"ಗುರುಗಳೇ, ಹಾಡು! ಶುರುವಾಯಿತು!"

"ಅದು ನಿನಗಲ್ಲ, ಕೂಸಿಗೆ. ಅವತ್ತು ಎಷ್ಟು ಮನೆಗೆ ಹೋಗಿ ಹೇಳಿ ಬಂದಿದ್ದೆ?"

"ಮೂವತ್ತೊಂದು."

"ಇದೊಂದಾಯಿತು. ನಡಿ."