ಗೇರ್‌ಬಾಕ್ಸಿನ ಹಿತ್ತಾಳೆ

ತುಂಗಭದ್ರೆಯ ದಂಡೆಯ ಆ ಆಶ್ರಮಕ್ಕೆ ದಾಸೋಹದ ಜೋಳ, ಅಕ್ಕಿ ಹೊತ್ತು ತರುವುದು ಒಂದು ಹಳೆಯ ಲಾರಿ. ಪೂರ್ವಾಶ್ರಮದಲ್ಲಿ ಮೆಕ್ಯಾನಿಕ್ ಆಗಿದ್ದ ಅಲ್ಲಿನ ಹಿರಿಯ ಸ್ವಾಮಿಗಳು, ಅಜ್ಜನವರು, ಅದನ್ನು ತಾವೇ ನೋಡಿಕೊಳ್ಳುತ್ತಿದ್ದರು. ಕಣ್ಣು ಮಂಜಾದ ಮೇಲೆ ಆ ವಿದ್ಯೆಯನ್ನು ದಾಸೋಹದ ಅಡುಗೆ ಮಾಡುತ್ತಿದ್ದ ನೀಲಗಂಗವ್ವನಿಗೆ ಕಲಿಸಿದರು.

ನಲವತ್ತು ದಾಟಿದ ಮೇಲೆ ಒಲಿದ ವಿದ್ಯೆ. ಅಡುಗೆಮನೆಯ ಹೊಗೆಯಿಂದ ಹೊರಬಂದು ಸ್ಪ್ಯಾನರ್ ಹಿಡಿದ ದಿನ ಅವಳು ಗುಟ್ಟಾಗಿ ಅತ್ತಿದ್ದಳು.

ಅಂದು ಬೆಳಿಗ್ಗೆ ಚಾಲಕ ರುದ್ರಪ್ಪ ಮಿತಿಮೀರಿ ಮೂಟೆ ಹೇರಿಕೊಂಡು ಬಂದ. ಅಜ್ಜನವರ ಬೈಗುಳ ಆಚೆ ದಡಕ್ಕೂ ಕೇಳಿಸಿತು.

"ಇದು ಲಾರಿಯೋ, ನಿನ್ನ ಹೊಟ್ಟೆಯೋ? ತುಂಬುತ್ತಲೇ ಇರುತ್ತೀಯಲ್ಲ!"

ರುದ್ರಪ್ಪ ನಕ್ಕ. ಊಟಕ್ಕೆ ಕುಳಿತು ಎರಡು ರೊಟ್ಟಿ ಹೆಚ್ಚೇ ತಿಂದ. ಏಳುವಾಗ ಹೇಳಿದ: "ಅವ್ವಾ, ಗೇರ್ ಬದಲಿಸಿದಾಗಲೆಲ್ಲ ಗರಗರ ಅನ್ನುತ್ತದೆ. ಸ್ವಲ್ಪ ನೋಡು."

ಕಾರ್ತಿಕದಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದವಳು ನೀಲಗಂಗವ್ವನೇ.

ಅಜ್ಜನವರ ಮುಂದೆ ಹೋಗಿ ನಿಂತು ವಿಷಯ ಹೇಳಿದಳು.

"ಯಾವ ಎಣ್ಣೆ ಹಾಕಿದೆ?"

"ಆಕ್ಸಲಿನದನ್ನೇ ಎರಡಕ್ಕೂ ಹಾಕಿದೆ, ಅಜ್ಜಾರೇ. ನೀವು ಗೇರ್‌ಬಾಕ್ಸಿಗೆಂದು ಇಟ್ಟಿದ್ದ ಡಬ್ಬಿ ಹಾಗೆಯೇ ಇದೆ."

"ಏಕೆ?"

"ಎಲ್ಲಕ್ಕಿಂತ ಬಲವಾದ ಎಣ್ಣೆ ಅದೇ ಎಂದು ಅಂಗಡಿಯವರು ಹೇಳಿದರು. ಒಳ್ಳೆಯದನ್ನೇ ಹಾಕೋಣವೆಂದು..."

"ಬಸಿ, ನೋಡೋಣ."

ಅವಳು ತಳದ ಬೋಲ್ಟ್ ಬಿಚ್ಚಿದಳು. ಗಂಧಕದ ಕಮಟು ವಾಸನೆ ಮೂಗಿಗೆ ಬಡಿಯಿತು. ಅಜ್ಜನವರು ಧಾರೆಯ ಕೆಳಗೆ ಬಿಳಿಯ ಬಟ್ಟೆಯೊಂದನ್ನು ಹಿಡಿದು, ಬಿಸಿಲಿಗೆ ಒಡ್ಡಿದರು.

"ನನಗೆ ಕಾಣದು. ಏನಿದೆ, ಹೇಳು."

ಬಟ್ಟೆಯ ತುಂಬ ಹೊಂಬಣ್ಣದ ಪುಡಿ ಮಿನುಗುತ್ತಿತ್ತು.

"ಹಿತ್ತಾಳೆ" ಎಂದಳು ಮೆಲ್ಲಗೆ.

"ಆಕ್ಸಲ್ ಇಡೀ ಭಾರ ಹೊರುತ್ತದೆ. ಅದರ ಹಲ್ಲುಗಳೆಲ್ಲ ಉಕ್ಕು. ಗಂಧಕದ ಆ ಖಾರವಿಲ್ಲದಿದ್ದರೆ ಅವು ಉಳಿಯುವುದಿಲ್ಲ. ಗೇರ್‌ಬಾಕ್ಸಿನೊಳಗೆ ಹಿತ್ತಾಳೆಯ ಬಳೆಗಳಿವೆ. ಬೇರೆಬೇರೆ ವೇಗದಲ್ಲಿ ಓಡುವ ಎರಡನ್ನು ಸಮಾಧಾನಪಡಿಸಿ ಜೊತೆಗೂಡಿಸುವವು ಅವು. ಖಾರ ಅವನ್ನೇ ತಿನ್ನುತ್ತದೆ."

"ಮತ್ತೆ ಸರಿಹೋಗುತ್ತದೆಯೇ?"

"ಸವೆದದ್ದು ಸವೆಯಿತು. ಉಳಿದದ್ದನ್ನು ಕಾಪಾಡೋಣ. ಆ ಡಬ್ಬಿ ತಾ."

ಅವಳು ತಳದ ಬೋಲ್ಟ್ ಬಿಗಿದು ಎಣ್ಣೆ ಸುರಿದಳು. ಆಲಿಕೆಯನ್ನು ಅಜ್ಜನವರೇ ಹಿಡಿದರು.

ಕೆಲಸ ಮುಗಿಯಿತು. ನೀಲಗಂಗವ್ವ ಸ್ಪ್ಯಾನರನ್ನು ಒರೆಸಿ, ಅವರ ಪಾದದ ಬಳಿ ಇಟ್ಟಳು.

"ನಾನು ಅಡುಗೆಮನೆಗೇ ಹೋಗುತ್ತೇನೆ, ಅಜ್ಜಾರೇ."

ಅಜ್ಜನವರು ತಡಕಾಡಿ ಸ್ಪ್ಯಾನರ್ ಎತ್ತಿ, ಮತ್ತೆ ಅವಳ ಕೈಗೇ ಕೊಟ್ಟರು.

"ಹಿಂದಿನ ಆಕ್ಸಲಿನ ಎಣ್ಣೆ ಎಷ್ಟಿದೆ ಎಂದು ಇನ್ನೂ ನೋಡಿಲ್ಲವಲ್ಲ. ಹೊರಟರೆ ಹೇಗೆ?"

ಅವಳ ಕಣ್ಣು ತುಂಬಿತು. "ಬೈದುಬಿಡಿ, ಅಜ್ಜಾರೇ. ಒಂದಿಷ್ಟು ಮೂಟೆ ಹೆಚ್ಚು ಹೇರಿದ್ದಕ್ಕೇ ರುದ್ರಪ್ಪನನ್ನು ಹೇಗೆ ಬೈದಿರಿ! ನನಗೇಕೆ ಒಂದು ಮಾತೂ ಇಲ್ಲ?"

ಅಜ್ಜನವರು ತಮ್ಮ ಶಲ್ಯದ ತುದಿಯನ್ನು ಅವಳತ್ತ ಚಾಚಿದರು.

"ಅವನು ಆಕ್ಸಲ್, ತಾಯಿ. ಕಣ್ಣು ಒರೆಸಿಕೋ."