ಸಾಂಬಾ ಡೋಲು ಕಾದ ಕರೆ

ಬ್ರೆಜಿಲ್‌ನ ಬೀದಿಯಲ್ಲಿ ಅಲ್ಲಿನ ಸಾಂಬಾ ನೃತ್ಯಕ್ಕೆ ಬರಿಗಾಲುಗಳನ್ನು ಕುಣಿಸುತ್ತಲೇ ಮುದಿಯಾದ ಡೋಲೊಂದನ್ನು ದೂರದೇಶದ ನೃತ್ಯಶಾಲೆಯವರು ತಂದು, ಅಂದಕ್ಕೆಂದು ಗೋಡೆಗೆ ತೂಗುಹಾಕಿದರು. ಕೆಳಗೆ ಸ್ಪರ್ಧೆ ನಡೆದಿತ್ತು. ಹೊಳೆಯುವ ಹೈಹೀಲ್ಡ್ ಚಪ್ಪಲಿ ಜೋಡಿಯೊಂದು ಸಾಂಬಾ ಕುಣಿಯುವುದನ್ನು ಕಂಡು ಡೋಲಿಗೆ ಹೋದ ಜೀವ ಬಂದಂತಾಯಿತು.

“ಭೇಷ್ ಮಗಳೇ! ಇನ್ನು ಅಂಚಿನಲ್ಲಿ ನಿಂತವರನ್ನು ಕರೆ. ನಮ್ಮಲ್ಲಿ ಕುಣಿದು ದಣಿದವರು ಹೊಟ್ಟೆಗೆ ಹೊಟ್ಟೆ ತಾಗಿಸಿ ಮುಂದಿನವರನ್ನು ಒಳಗೆ ಕರೆಯುವುದು ಪದ್ಧತಿ,” ಎಂದು ಡೋಲು ತನ್ನ ಹೊಟ್ಟೆಯನ್ನು ಮುಂದೆ ಮಾಡಿತು.

“ಇಲ್ಲಿಯವರು ನಿಮ್ಮಲ್ಲಿಂದ ಹೆಜ್ಜೆಗಳನ್ನಷ್ಟೇ ತಂದಿದ್ದಾರೆ, ಅಜ್ಜಾ. ಕರೆಯುವುದಕ್ಕೆ ಇಲ್ಲಿ ಅಂಕವಿಲ್ಲ,” ಎಂದಿತು ಚಪ್ಪಲಿ.

“ಹಾಗಾದರೆ ಅಂಚಿನಲ್ಲಿ ನಿಂತವರು ಏನು ಮಾಡಬೇಕು?”

“ಚಪ್ಪಾಳೆ ತಟ್ಟಬೇಕು.”

ಕುಣಿತ ಮುಗಿಯಿತು. ಸಭಾಂಗಣದ ತುಂಬ ಚಪ್ಪಾಳೆ ಬಿತ್ತು. ತಾನೂ ತಟ್ಟೋಣವೆಂದರೆ ಡೋಲಿಗೆ ಕೈಗಳಿರಲಿಲ್ಲ.